11 ವಾರದ ಶಿಟ್ಜು ನಾಯಿಮರಿಗೆ ಟ್ರೈನಿಂಗ್ ಟ್ರೀಟ್: ಯಾವುದು, ಎಷ್ಟು, ಎಷ್ಟು ದೊಡ್ಡದು?

ಬಸವನಗುಡಿ_ಬೆಳಗು
ಮರಿಗೆ 11 ವಾರ, ತೂಕ 2.2 ಕೆ.ಜಿ. ದಿನಕ್ಕೆ ನಾಲ್ಕು ಹೊತ್ತು ಪಪ್ಪಿ ಡ್ರೈ ಫುಡ್, ಒಟ್ಟು 95 ಗ್ರಾಂ. ಕೂರೋದು, ಕರೆದ್ರೆ ಬರೋದು, ಪೇಪರ್ ಮೇಲೆ ಉಚ್ಚೆ, ಮೊದಲು ಈ ಮೂರು ಕಲಿಸಬೇಕು. ಮನೆಯಲ್ಲಿ ಮೊಟ್ಟೆ ಆಗುತ್ತೆ, ಮಾಂಸ ಬೇಯಿಸಲ್ಲ. ಅಂಗಡಿಯಲ್ಲಿ ಮೂಳೆ ಆಕಾರದ ಬಿಸ್ಕತ್ತು, ಚಿಕನ್ ಜರ್ಕಿ (ಒಣಗಿಸಿದ ಮಾಂಸದ ಪಟ್ಟಿ), ಬಿಳಿ ಚರ್ಮದ ಗಂಟುಮೂಳೆ ಮೂರೂ ಇವೆ. ಮನೆಯ ಹಿರಿಯರಿಗೆ ನಾಯಿ ಅಂದ್ರೆ ಗ್ಲೂಕೋಸ್ ಬಿಸ್ಕತ್ತು. ಯಾವುದು ಕೊಡಲಿ, ದಿನಕ್ಕೆ ಎಷ್ಟು?

ಲೆಕ್ಕದ_ಪುಸ್ತಕ
"ಯಾವುದು" ಅನ್ನೋದಕ್ಕಿಂತ ಮುಂಚೆ "ಎಷ್ಟು" ಗೊತ್ತಾಗಲಿ. ಫೋನಿನ ಕ್ಯಾಲ್ಕುಲೇಟರ್ ತೆಗೀರಿ. ತೂಕವನ್ನು ಅದರಿಂದಲೇ ಗುಣಿಸಿ, ಇನ್ನೊಮ್ಮೆ ಅದರಿಂದಲೇ ಗುಣಿಸಿ: 2.2 × 2.2 × 2.2 = 10.65. ಈಗ ವರ್ಗಮೂಲದ ಕೀ ಎರಡು ಸಲ ಒತ್ತಿ: 1.81. ಅದನ್ನು 70ರಿಂದ ಗುಣಿಸಿದರೆ 126. ಮಲಗಿದಲ್ಲೇ ಇದ್ದರೂ ದೇಹಕ್ಕೆ ಬೇಕಾಗುವ ಕ್ಯಾಲರಿ ಅದು. ನಾಲ್ಕು ತಿಂಗಳೊಳಗಿನ ಮರಿ ಬೆಳೀತಾ ಇರುತ್ತೆ, ಹಾಗಾಗಿ ಅದರ ಮೂರು ಪಟ್ಟು, ಅಂದರೆ ಸುಮಾರು 380. ನಿಮ್ಮ 95 ಗ್ರಾಂ ಡ್ರೈ ಫುಡ್ ಹೆಚ್ಚುಕಮ್ಮಿ ಅಷ್ಟೇ ಕೊಡುತ್ತೆ.

ಟ್ರೀಟಿನ ಪಾಲು ಇದರಲ್ಲಿ 10%, ಅಂದರೆ 38 ಕ್ಯಾಲರಿ. ಅದನ್ನೂ ಊಟದ ಮೇಲೆ ಹೆಚ್ಚುವರಿಯಾಗಿ ಅಲ್ಲ, ಊಟದಲ್ಲಿ 9-10 ಗ್ರಾಂ ಕಡಿಮೆ ಮಾಡಿ ಕೊಡೋದು. ಒಂದು ಗ್ಲೂಕೋಸ್ ಬಿಸ್ಕತ್ತಿನಲ್ಲಿ 20 ಕ್ಯಾಲರಿ ಮೇಲಿರುತ್ತೆ, ಎಲ್ಲಾ ಮೈದಾ, ಸಕ್ಕರೆ, ಎಣ್ಣೆ. ಎರಡು ಕೊಟ್ಟರೆ ದಿನದ ಪಾಲು ಮುಗೀತು. ಮರಿ ಕಲಿತದ್ದು ಎರಡೇ ಸಲ.

ಸೀಟಿ_ಶಬ್ದ
ಮೇಲಿನವರು ಹೇಳಿದ 38 ಕ್ಯಾಲರಿ ಕೇಳಿ ಹೆದರಬೇಡಿ. ತುಣುಕಿನ ಗಾತ್ರ ಸರಿಯಿದ್ದರೆ ಅಷ್ಟರಲ್ಲೇ ದಿನಕ್ಕೆ 60-80 ಬಹುಮಾನ ಕೊಡಬಹುದು.

ಪನ್ನೀರಿನ 1 ಸೆಂ.ಮೀ. ಚೌಕ ಒಂದು ಗ್ರಾಂ ತೂಗುತ್ತೆ, ಸುಮಾರು 3 ಕ್ಯಾಲರಿ. ಅಂಥ 60 ಅಂದ್ರೆ 180, ಅರ್ಧ ದಿನದ ಊಟ! ಅದನ್ನೇ 5 ಮಿ.ಮೀ.ಗೆ ಕತ್ತರಿಸಿ. ಉದ್ದ, ಅಗಲ, ಎತ್ತರ ಮೂರೂ ಅರ್ಧವಾಗೋದರಿಂದ ತೂಕ ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಈಗ 60 ತುಣುಕಿಗೆ ಸುಮಾರು 23 ಕ್ಯಾಲರಿ. ಕಡಲೆಬೇಳೆಯ ಗಾತ್ರ ಅಂತ ನೆನಪಿಟ್ಟುಕೊಳ್ಳಿ. ಬಟಾಣಿ ಗಾತ್ರ ಅಂತ ಎಲ್ಲರೂ ಹೇಳ್ತಾರೆ, ಅದು ಲ್ಯಾಬ್ರಡಾರಿಗೆ. ಮರಿ ಎಣಿಸೋದು ಎಷ್ಟು ಸಲ ಸಿಕ್ತು ಅಂತ. ಎಷ್ಟು ದೊಡ್ಡದು ಸಿಕ್ತು ಅಂತ ಅಲ್ಲ.

ಇನ್ನೊಂದು, ಮೆತ್ತಗಿರಬೇಕು. ಗಟ್ಟಿ ಬಿಸ್ಕತ್ತು ಕೊಟ್ಟರೆ ಮರಿ ಅದನ್ನು ನೆಲಕ್ಕೆ ಹಾಕಿ, ಕಡಿದು, ಪುಡಿ ನೆಕ್ಕಿ ಮುಗಿಸೋ ಹೊತ್ತಿಗೆ ತಾನು ಕೂತಿದ್ದೇ ಮರೆತಿರುತ್ತೆ. ಎರಡು ಸೆಕೆಂಡಿನಲ್ಲಿ ನುಂಗಿ ಮತ್ತೆ ನಿಮ್ಮ ಮುಖ ನೋಡಬೇಕು. ಮೂಳೆ ಆಕಾರದ ಬಿಸ್ಕತ್ತು ಈ ಕಾರಣಕ್ಕೇ ಟ್ರೈನಿಂಗಿಗೆ ಸೋಲುತ್ತೆ.

ಪ್ರಥಮ_ಚಿಕಿತ್ಸೆ
ಅಂಗಡಿಯ ಮೂರರ ಬಗ್ಗೆ.

ಚರ್ಮದ ಗಂಟುಮೂಳೆ: ಬೇಡ. ಜೊಲ್ಲಿಗೆ ನೆನೆದು ಉಬ್ಬುತ್ತೆ, ತುದಿಯ ಗಂಟು ಕಿತ್ತು ಬಂದರೆ ಮರಿ ಹಾಗೇ ನುಂಗುತ್ತೆ. ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಕರುಳಲ್ಲಿ ಅಡ್ಡ ನಿಂತರೆ ಆಪರೇಷನ್. ಅದು ಅಗಿಯುವ ವಸ್ತು, ಟ್ರೈನಿಂಗ್ ಟ್ರೀಟ್ ಅಲ್ಲವೇ ಅಲ್ಲ.

ಜರ್ಕಿ: 2007ರಿಂದ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಜರ್ಕಿ ಟ್ರೀಟುಗಳ ಬಗ್ಗೆ ಎಚ್ಚರಿಸುತ್ತಾ ಬಂದಿದೆ. ತಿಂದ ನಾಯಿಗಳಲ್ಲಿ ವಾಂತಿ, ಭೇದಿ, ಕೆಲವದರಲ್ಲಿ ಫ್ಯಾಂಕೋನಿ ಥರದ ಕಿಡ್ನಿ ತೊಂದರೆ ಕಂಡಿತ್ತು. ಹೆಚ್ಚಿನವು ಚೀನಾದಿಂದ ಬಂದ ಮಾಲು. ಖಚಿತ ಕಾರಣ ಸಿಗಲಿಲ್ಲ. ಯಾರು, ಎಲ್ಲಿ ಮಾಡಿದ್ದು ಅಂತ ಬರೆಯದ ಜರ್ಕಿ ಕೊಳ್ಳಬೇಡಿ. ನಿಮ್ಮ ಮನೆಗೆ ಹೇಗೂ ಅಗತ್ಯವಿಲ್ಲ.

ಬಿಸ್ಕತ್ತು: ವಿಷವಲ್ಲ. ಆದರೆ ಪ್ಯಾಕೆಟ್ ತಿರುಗಿಸಿ ನೋಡಿ. ಮೊದಲ ಮೂರು ಹೆಸರು ಗೋಧಿಹಿಟ್ಟು, ಸಕ್ಕರೆ, ಎಣ್ಣೆ ಅಂತಿದ್ದರೆ ಅದು ಮನುಷ್ಯರ ಬಿಸ್ಕತ್ತೇ, ಅಚ್ಚು ಮಾತ್ರ ಬೇರೆ.

ಪೇಡೆ_ಧಾರವಾಡ
ಅಂಗಡಿ ಪ್ಯಾಕೆಟ್ಟಿಗಿಂತ ನಮ್ಮ ಅಡಿಗಿಮನ್ಯಾಗಿಂದs ಹೆಚ್ಚು ಭಯ ಐತ್ರಿ. "ಒಂದ್ ತುತ್ತು ಕೊಟ್ರ ಏನಾಗ್ತೈತಿ" ಅಂತ ಹಾಕ್ತಾರಲ್ಲ, ಆ ತುತ್ತಿನ್ಯಾಗ ಏನೈತಿ ನೋಡ್ರಿ.

ದ್ರಾಕ್ಷಿ, ಒಣದ್ರಾಕ್ಷಿ: ಕಿಡ್ನಿ ಹೋಗ್ತಾವ. ಎಷ್ಟು ತಿಂದ್ರ ಅಪಾಯ ಅಂತ ಹೇಳಾಕ ಬರಂಗಿಲ್ಲ. ಒಂದ್ ನಾಯಿ ಮುಷ್ಟಿ ತಿಂದು ಆರಾಮ ಇರ್ತೈತಿ, ಇನ್ನೊಂದ್ ನಾಕ್ ತಿಂದು ಮಲಗ್ತೈತಿ. ವಿಜಯಪುರ, ಬಾಗಲಕೋಟಿ ಕಡೆ ಮನ್ಯಾಗ ಮನೂಕ (ಒಣದ್ರಾಕ್ಷಿ) ಡಬ್ಬಿಗಟ್ಟಲೆ ಇರ್ತಾವು, ಡಬ್ಬಿ ಮ್ಯಾಲ ಇಡ್ರಿ. ಪಾಯಸದಾಗಿಂದು, ಪ್ರಸಾದದಾಗಿಂದು ಸುದ್ದಾ ಬ್ಯಾಡ.

ಉಳ್ಳಾಗಡ್ಡಿ, ಬಳ್ಳೊಳ್ಳಿ: ಹಸೀದು, ಕುದಿಸಿದ್ದು, ಪುಡಿ ಎಲ್ಲಾ ಒಂದs. ರಕ್ತದ ಕೆಂಪು ಕಣ ಒಡೀತಾವ. ಉಳ್ಳಾಗಡ್ಡಿ ಕೆ.ಜಿ. ತೂಕಕ್ಕ 15ರಿಂದ 30 ಗ್ರಾಂ ಆದ್ರ ತೊಂದರಿ. 2.2 ಕೆ.ಜಿ. ಮರಿಗೆ ಅರ್ಧ ಗಡ್ಡಿ ಸಾಕಾತು. ದಿನಾ ಚೂರು ಚೂರು ಕೊಟ್ರೂ ಕೂಡಿಕೋತ ಹೋಗ್ತೈತಿ, ತ್ರಾಸ ನಾಕೈದ್ ದಿನದ ಮ್ಯಾಲ ಕಾಣಬಹುದು.

ತೆಂಕಣ_ಗಾಳಿ
ಬೆಳ್ಳುಳ್ಳಿ ಕೊಟ್ಟರೆ ಉಣ್ಣೆ ಹತ್ತಲ್ಲ ಅಂತಾರಲ್ಲ ಮಾರಾಯ್ರೆ, ಸ್ವಲ್ಪ ಕೊಡಬಹುದಲ್ವಾ?

ಪೇಡೆ_ಧಾರವಾಡ
ಬ್ಯಾಡ್ರಿ. ಉಣ್ಣಿಗೆ ಬಳ್ಳೊಳ್ಳಿ ಏನೂ ಮಾಡಂಗಿಲ್ಲ, ಮರಿಗೆ ಮಾತ್ರ ಮಾಡ್ತೈತಿ. ತೂಕಕ್ಕ ತೂಕ ಹಿಡಿದ್ರ ಅದು ಉಳ್ಳಾಗಡ್ಡಿಗಿಂತ ಜೋರು. ಉಣ್ಣಿಗೆ ವಯಸ್ಸು, ತೂಕ ನೋಡಿ ಡಾಕ್ಟರ್ ಔಷಧಿ ಕೊಡ್ತಾರ.

ಪ್ರಥಮ_ಚಿಕಿತ್ಸೆ
ಪೇಡೆಯವರ ಪಟ್ಟಿಗೆ ಒಂದು ಮುಖ್ಯ ಹೆಸರು ಸೇರಿಸಬೇಕು: ಹುಣಸೆ. ದ್ರಾಕ್ಷಿಯಲ್ಲಿರೋ ವಿಷ ಯಾವುದು ಅಂತ ಬಹಳ ಕಾಲ ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವಿಷ ತಜ್ಞರು ಅದು ಟಾರ್ಟಾರಿಕ್ ಆಮ್ಲ ಇರಬೇಕು ಅಂತ ಮುಂದಿಟ್ಟರು. ಹುಣಸೆಹಣ್ಣಿನ ಹುಳಿಯೂ ಅದೇ ಆಮ್ಲ, ಮತ್ತು ಹುಣಸೆ ತಿಂದ ನಾಯಿಗಳಲ್ಲೂ ಅಂಥದೇ ಕಿಡ್ನಿ ತೊಂದರೆ ದಾಖಲಾಗಿದೆ. ಪುಳಿಯೋಗರೆ, ಸಾರು, ಬಿಸಿಬೇಳೆಭಾತ್ ಕಲಸಿದ ಅನ್ನ ಹಾಕೋ ಮನೆಗಳು ಇದನ್ನು ಓದಲಿ. ಅವುಗಳಲ್ಲಿ ಉಪ್ಪು, ಒಗ್ಗರಣೆ, ಎಷ್ಟೋ ಸಲ ಈರುಳ್ಳಿಯೂ ಇರುತ್ತೆ.

ಕ್ಸೈಲಿಟಾಲ್ (ಸಕ್ಕರೆಯ ಬದಲು ಹಾಕೋ ಸಿಹಿಕಾರಕ): ಶುಗರ್‌ಫ್ರೀ ಗಮ್, ಕೆಲವು ಮಿಠಾಯಿ, ಟೂತ್‌ಪೇಸ್ಟ್, ಕೆಲವು ಪೀನಟ್ ಬಟರ್. ನಾಯಿಯ ದೇಹ ಇದನ್ನು ಸಕ್ಕರೆ ಅಂತ ತಿಳಿದು ಇನ್ಸುಲಿನ್ ಸುರಿಸುತ್ತೆ, ರಕ್ತದ ಸಕ್ಕರೆ ಕುಸಿಯುತ್ತೆ. ಕೆ.ಜಿ.ಗೆ 0.1 ಗ್ರಾಂ ಸಾಕು, ನಿಮ್ಮ ಮರಿಗೆ 0.22 ಗ್ರಾಂ. ಒಂದೇ ಗಮ್‌ನಲ್ಲಿ ಅಷ್ಟಿರಬಹುದು. ಲೇಬಲ್ ಮೇಲೆ ಹೆಸರಿನ ಬದಲು ಬರೀ ಸಂಖ್ಯೆ ಇರೋದೂ ಉಂಟು: 967. ಅದು ಕಂಡರೆ ವಾಪಸ್ ಇಡಿ.

ಚಾಕೊಲೇಟ್, ಕಾಫಿ-ಟೀ ಗಷ್ಟು, ಜಾಯಿಕಾಯಿ, ಮದ್ಯ ಇವು ಎಲ್ಲರಿಗೂ ಗೊತ್ತಿರೋದೇ. ಹುದುಗಿದ ದೋಸೆಹಿಟ್ಟು, ಬ್ರೆಡ್ ಹಿಟ್ಟು ಹಸಿಯಾಗಿ ಬೇಡ, ಹೊಟ್ಟೆಯ ಬಿಸಿಯಲ್ಲಿ ಇನ್ನೂ ಉಬ್ಬುತ್ತೆ.

ತಿಂದುಬಿಟ್ಟರೆ: ವಾಂತಿ ಮಾಡಿಸಲಿಕ್ಕೆ ಉಪ್ಪುನೀರು ಕುಡಿಸಬೇಡಿ. ಸಣ್ಣ ಮರಿಗೆ ಆ ಉಪ್ಪೇ ಪ್ರಾಣ ತೆಗೆಯಬಹುದು. ಪ್ಯಾಕೆಟ್ ಕೈಯಲ್ಲಿ ಹಿಡಿದು ಕೂಡಲೇ ಡಾಕ್ಟರ ಹತ್ತಿರ ಹೋಗಿ. ಮೊದಲ ಎರಡು ಗಂಟೆಯೊಳಗೆ ಹೋದರೆ ಅವರು ಸುರಕ್ಷಿತವಾಗಿ ವಾಂತಿ ಮಾಡಿಸಬಲ್ಲರು. ಕ್ಸೈಲಿಟಾಲಿಗೆ ಅಷ್ಟೂ ಹೊತ್ತಿಲ್ಲ, ಅರ್ಧ ಗಂಟೆಯಲ್ಲೇ ಸಕ್ಕರೆ ಇಳಿಯಬಹುದು.

ಬಸವನಗುಡಿ_ಬೆಳಗು
ಸಾರನ್ನ ಇವತ್ತಿಂದಲೇ ಬಂದ್. ಸರಿ, ಬೇಡದ್ದು ಗೊತ್ತಾಯ್ತು. ಮಾಂಸ ಇಲ್ಲದೆ ಏನು ಕೊಡಲಿ? ಹಾಲು?

ತಟ್ಟೆ_ಇಡ್ಲಿ
ಹಾಲು ಬೇಡ, ಅದರ ಲ್ಯಾಕ್ಟೋಸ್ ಎಷ್ಟೋ ಮರಿಗಳಿಗೆ ಭೇದಿ ಮಾಡುತ್ತೆ. ಪನ್ನೀರಿನಲ್ಲಿ ಅದು ಬಹುಪಾಲು ನೀರಿನ ಜೊತೆ ಹೋಗಿರುತ್ತೆ.

ನಿಮಗೆ ಅತಿ ಸುಲಭವಾದದ್ದು ಮೊಟ್ಟೆ ಹಾಳೆ. ಒಂದು ಮೊಟ್ಟೆಗೆ ಒಂದು ಟೇಬಲ್ ಚಮಚ ನೀರು, ನೊರೆ ಬರದ ಹಾಗೆ ಕಲಸಿ. ತಟ್ಟೆ ಇಡ್ಲಿ ತಟ್ಟೆಗೆ ಒಂದು ತೊಟ್ಟು ಎಣ್ಣೆ ಒರೆಸಿ, ಸುರಿಯಿರಿ. 13 ಸೆಂ.ಮೀ. ಅಗಲದ ತಟ್ಟೆಯಾದರೆ ದಪ್ಪ ಸರಿಯಾಗಿ 5 ಮಿ.ಮೀ. ಬರುತ್ತೆ. ಸಣ್ಣ ಉರಿಯಲ್ಲಿ 7-8 ನಿಮಿಷ ಹಬೆ. ಜೋರು ಉರಿ ಇಟ್ಟರೆ ಉಬ್ಬಿ ತೂತು ತೂತಾಗಿ, ಕತ್ತರಿಸುವಾಗ ಉದುರುತ್ತೆ. ಮೇಲೆ ಒಂದು ತಟ್ಟೆ ಮುಚ್ಚಿ, ಇಲ್ಲದಿದ್ದರೆ ಮುಚ್ಚಳದ ನೀರು ತೊಟ್ಟಿಕ್ಕಿ ಹೊಂಡ ಬೀಳುತ್ತೆ. ಪೂರ್ತಿ ತಣ್ಣಗಾದ ಮೇಲೆ ಪಿಜ್ಜಾ ಕಟರ್‌ನಲ್ಲಿ ಅಡ್ಡ ಉದ್ದ ಗೀರಿ. ಸುಮಾರು 500 ತುಣುಕು, ಒಂದೊಂದರಲ್ಲಿ ಕ್ಯಾಲರಿ 0.15ರ ಆಸುಪಾಸು. ಉಪ್ಪು, ಮೆಣಸು, ಬೆಣ್ಣೆ ಏನೂ ಬೇಡ. ಹಸಿ ಮೊಟ್ಟೆ ಕೊಡಬೇಡಿ, ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾದ ಭಯ.

ಪನ್ನೀರು ಮನೆಯಲ್ಲೇ ಮಾಡಿ. ಅರ್ಧ ಲೀಟರ್ ಹಾಲು, ನಿಂಬೆರಸ. ಒಡೆದ ಮೇಲೆ ತಣ್ಣೀರಲ್ಲಿ ತೊಳೆದರೆ ಹುಳಿ ಹೋಗುತ್ತೆ. ಅರ್ಧ ಗಂಟೆ ಭಾರ ಇಡಿ. ಭಾರ ಸಾಲದಿದ್ದರೆ 5 ಮಿ.ಮೀ.ಗೆ ಕತ್ತರಿಸುವಾಗ ಪುಡಿಯಾಗುತ್ತೆ. ಟೋನ್ಡ್ ಹಾಲಿನದು ಕೊಬ್ಬು ಕಡಿಮೆ, ಮರಿಗೆ ಅದೇ ಒಳ್ಳೆಯದು. ಚೀಸ್ ಸ್ಲೈಸ್, ಕ್ಯೂಬ್ ಬೇಡ, ಉಪ್ಪು ಜಾಸ್ತಿ.

ತರಕಾರಿ: ಕ್ಯಾರೆಟ್, ಬೀನ್ಸ್, ಸಿಹಿಗುಂಬಳ, ಗೆಣಸು ಸಣ್ಣಗೆ ಕತ್ತರಿಸಿ ಹಬೆಯಲ್ಲಿ 6 ನಿಮಿಷ. ಹಸಿ ಕ್ಯಾರೆಟ್ಟಿನ ದುಂಡು ತುಂಡು 2 ಕೆ.ಜಿ. ಮರಿಯ ಗಂಟಲಿಗೆ ಬಿರಡೆ ಇದ್ದ ಹಾಗೆ. ಸೌತೆಕಾಯಿಯ ಬೀಜದ ಭಾಗ ತೆಗೆದು ಕೊಡಬಹುದು. ಸೇಬು, ಪರಂಗಿ, ಕಲ್ಲಂಗಡಿ ಬೀಜ ಸಿಪ್ಪೆ ತೆಗೆದು ಎರಡು ಮೂರು ಚೂರು. ಮಾವಿನ ಓಟೆ, ಸಪೋಟ ಬೀಜ, ಹಲಸಿನ ಬೀಜ ಕೈಗೆ ಸಿಗದ ಹಾಗಿರಲಿ.

ತೆಂಕಣ_ಗಾಳಿ
ಮಂಡಕ್ಕಿ ಆಗ್ತದಾ? ಹಗುರ ಉಂಟಲ್ಲ.

ತಟ್ಟೆ_ಇಡ್ಲಿ
ಕ್ಯಾಲರಿ ಲೆಕ್ಕದಲ್ಲಿ ಅದ್ಭುತ. ಆದರೆ ಬಹಳಷ್ಟು ಮಂಡಕ್ಕಿಯನ್ನು ಉಪ್ಪು ಹಿಡಿಸಿದ ಅಕ್ಕಿಯಿಂದ ಹುರಿದಿರ್ತಾರೆ. ನಾಲಿಗೆ ಮೇಲಿಟ್ಟು ನೋಡಿ, ಉಪ್ಪೆನಿಸಿದರೆ ಬೇಡ. ಸಪ್ಪೆ ಇದ್ದರೆ ಕೊಡಬಹುದು, ಆದರೆ ವಾಸನೆಯೇ ಇಲ್ಲ. ಮನೆಯೊಳಗೆ ಕೆಲಸ ಮಾಡುತ್ತೆ, ಬೀದಿಯಲ್ಲಿ ಮರಿ ತಿರುಗಿಯೂ ನೋಡಲ್ಲ. ಹುರಿಗಡಲೆ ಬೇಡ, ಗಟ್ಟಿ, ಗ್ಯಾಸ್ ಬೇರೆ.

ಸೀಟಿ_ಶಬ್ದ
ಇಲ್ಲೇ ದರ್ಜೆಯ ವಿಷಯ ಬರೋದು. ಎಲ್ಲಕ್ಕೂ ಪನ್ನೀರು ಕೊಟ್ಟರೆ ಪನ್ನೀರಿಗೆ ಬೆಲೆ ಇರಲ್ಲ. ಮನೆಯೊಳಗೆ ಕೂರಿಸೋದಕ್ಕೆ ದಿನದ ಡ್ರೈ ಫುಡ್‌ನಿಂದಲೇ ತೆಗೆದ ಕಾಳು. ಅದು ಊಟದ ಲೆಕ್ಕಕ್ಕೇ ಹೋಗುತ್ತೆ, 10% ಮುಟ್ಟಲ್ಲ. ಆ ಕಾಳಿನ ಡಬ್ಬಿಯಲ್ಲಿ ಬಟ್ಟೆಯಲ್ಲಿ ಸುತ್ತಿದ ಪನ್ನೀರಿನ ತುಂಡನ್ನು ರಾತ್ರಿ ಫ್ರಿಜ್‌ನಲ್ಲಿಡಿ, ಬೆಳಗ್ಗೆಗೆ ಕಾಳಿಗೂ ಆ ವಾಸನೆ. ಮೊಟ್ಟೆ ಬಾಲ್ಕನಿಗೆ, ಮೆಟ್ಟಿಲಿಗೆ. ಪನ್ನೀರು ಎರಡೇ ಕೆಲಸಕ್ಕೆ: ಕರೆದಾಗ ಬಂದದ್ದಕ್ಕೆ, ಪೇಪರ್ ಮೇಲೆ ಉಚ್ಚೆ ಮುಗಿಸಿದ್ದಕ್ಕೆ.

ಉಚ್ಚೆಯ ಬಹುಮಾನ ಮುಗಿದ ಒಂದೆರಡು ಸೆಕೆಂಡಿನಲ್ಲಿ, ಅದೇ ಜಾಗದಲ್ಲಿ. ಅಡುಗೆಮನೆಗೆ ಹೋಗಿ ತರುವಷ್ಟರಲ್ಲಿ ಮರಿ ಹಿಂದೆಯೇ ಓಡಿ ಬಂದಿರುತ್ತೆ, ಬಹುಮಾನ ಓಡಿ ಬಂದದ್ದಕ್ಕೆ ಸಿಕ್ಕ ಹಾಗಾಗುತ್ತೆ. ಪೇಪರ್ ಪಕ್ಕ ಎತ್ತರದಲ್ಲಿ ಮುಚ್ಚಿದ ಡಬ್ಬಿಯಲ್ಲಿ ನಾಲ್ಕು ಒಣ ಕಾಳು ಸದಾ ಇರಲಿ, ಪನ್ನೀರು ಕೈಗೆ ಬರದ ಹೊತ್ತಿಗೆ. ಮುಚ್ಚಳ ಬಿಗಿ ಇಲ್ಲದಿದ್ದರೆ ಇರುವೆಗೆ ಟ್ರೈನಿಂಗ್ ಆಗುತ್ತೆ.

ಕೂರೋದಕ್ಕೆ: ತುಣುಕನ್ನು ಮೂಗಿನ ಹತ್ತಿರದಿಂದ ನಿಧಾನಕ್ಕೆ ಮೇಲೆ, ಹಿಂದಕ್ಕೆ. ತಲೆ ಎತ್ತಿದಂತೆ ಕುಂಡೆ ಕೆಳಗೆ ಹೋಗುತ್ತೆ. ನೆಲಕ್ಕೆ ತಾಗಿದ ಕ್ಷಣ "ಶಹಬ್ಬಾಸ್", ಆಮೇಲೆ ತುಣುಕು. ಕೈ ತೀರಾ ಎತ್ತರ ಹೋದರೆ ಮರಿ ಎಗರುತ್ತೆ. ಐದಾರು ಸಲ ಆದ ಮೇಲೆ ಖಾಲಿ ಕೈಯಲ್ಲಿ ಅದೇ ಸನ್ನೆ ಮಾಡಿ, ತುಣುಕು ಇನ್ನೊಂದು ಕೈಯಿಂದ. ಇದನ್ನು ಬಿಟ್ಟವರ ನಾಯಿ ಜೀವಮಾನವಿಡೀ ಕೈಯಲ್ಲಿ ತಿಂಡಿ ಇದೆಯಾ ಅಂತ ನೋಡಿಯೇ ಕೂರುತ್ತೆ. ಒಂದು ಸಲಕ್ಕೆ 3 ನಿಮಿಷ, 10-12 ತುಣುಕು, ದಿನಕ್ಕೆ ನಾಲ್ಕೈದು ಸಲ.

ಶಿಟ್ಜು ಮೂತಿ ಚಪ್ಪಟೆ, ನೆಲದಿಂದ ಸಣ್ಣ ತುಣುಕು ಹೆಕ್ಕೋದು ಅದಕ್ಕೆ ಕಷ್ಟ. ಅಂಗೈ ಬಿಡಿಸಿ ಬಾಯಿಯ ಹತ್ತಿರ ಹಿಡಿಯಿರಿ, ಬೆರಳ ತುದಿಯಲ್ಲಿ ಹಿಡಿದರೆ ಸೂಜಿಹಲ್ಲು ಬೆರಳಿಗೇ. ನೆಲಕ್ಕೆ ಹಾಕಲೇಬೇಕಾದರೆ ಬಿಳಿ ಟೈಲ್ಸ್ ಮೇಲೆ ಬಿಳಿ ಪನ್ನೀರು ಎಸೆಯಬೇಡಿ, ಹುಡುಕೋದರಲ್ಲೇ ಪಾಠ ಮುಗಿಯುತ್ತೆ. ಕಡು ನೀಲಿ ಮ್ಯಾಟ್ ಹಾಸಿ.

ತೆಂಕಣ_ಗಾಳಿ
ನಮ್ಮ ಕಡೆ ಮೀನು ಕೊಡ್ತಾರೆ. ಓದುವ ಬೇರೆಯವರಿಗೆ ಹೇಳ್ತೇನೆ, ಒಣಮೀನು, ಒಣಸಿಗಡಿ ಕೊಡಬೇಡಿ, ಉಪ್ಪಿನಲ್ಲಿಯೇ ಒಣಗಿಸಿದ್ದು ಅದು. ತಾಜಾ ಬೂತಾಯಿ (ಸಾರ್ಡೀನ್) ಉಪ್ಪು ಹಾಕದೆ ಹಬೆಯಲ್ಲಿ ಬೇಯಿಸಿ, ನಡುಮುಳ್ಳು, ಸಣ್ಣ ಮುಳ್ಳು ಎಲ್ಲ ಬಿಡಿಸಿ ಒಂದು ಚಿಟಿಕೆ. ವಾಸನೆ ಜೋರು, ಎಂಥಾ ಹಟದ ಮರಿಯೂ ಬರ್ತದೆ. ಕೊಬ್ಬು ಇರುವ ಮೀನು, ಹಾಗಾಗಿ ದಿನಾ ಬೇಡ.

ಕೋಳಿ ಕೊಡುವವರು ಎಲುಬಿಲ್ಲದ ಎದೆಭಾಗ 100 ಗ್ರಾಂ, ಬರೀ ನೀರಿನಲ್ಲಿ 12-15 ನಿಮಿಷ. ಆರಿದ ಮೇಲೆ ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು ಕತ್ತರಿಸಿದರೆ ನಾರು ಬಿಡದೆ 5 ಮಿ.ಮೀ. ಚೌಕ ಬರ್ತದೆ. ಲಿವರ್ ಆದ್ರೆ ವಾರದಲ್ಲಿ ಎರಡು ದಿನ, ನಾಲ್ಕೈದು ಚೂರು ಸಾಕು. ವಿಟಮಿನ್ ಎ ಜಾಸ್ತಿ ಉಂಟು, ಹೆಚ್ಚಾದರೆ ಭೇದಿಯೂ ಶುರು.

ಪ್ರಥಮ_ಚಿಕಿತ್ಸೆ
ಹೊಸದನ್ನು ಒಂದೊಂದಾಗಿ ಶುರು ಮಾಡಿ. ಮೊಟ್ಟೆ ಮೊದಲ ದಿನ ಐದು ತುಣುಕು, ಎರಡು ಮೂರು ದಿನ ಮಲ ಗಟ್ಟಿಯಿದ್ದರೆ ಮುಂದಿನದು. ಒಂದೇ ದಿನ ನಾಲ್ಕು ಹೊಸದು ಕೊಟ್ಟು ಭೇದಿಯಾದರೆ ಯಾವುದರಿಂದ ಅಂತ ಯಾರೂ ಹೇಳಲಾರರು. ಮಲದಲ್ಲಿ ಕ್ಯಾರೆಟ್ ಚೂರು ಹಾಗೇ ಕಂಡರೆ ಗಾಬರಿ ಬೇಡ.

ಆದರೆ ಲಸಿಕೆ ಪೂರ್ತಿಯಾಗದ ಮರಿಗೆ ವಾಂತಿ, ಭೇದಿ ಎರಡೂ ಇದ್ದು, ಊಟ ಬಿಟ್ಟು ಮುದುಡಿ ಮಲಗಿದರೆ "ಪನ್ನೀರು ಜಾಸ್ತಿಯಾಯ್ತು" ಅಂತ ಕಾಯಬೇಡಿ. ಪಾರ್ವೋ ಅನ್ನೋ ಮಾರಕ ವೈರಸ್ ಕಾಯಿಲೆ ಇರಬಹುದು. ಅದೇ ದಿನ ತೋರಿಸಿ.

ಇನ್ನೊಂದು ತಪ್ಪು: ಹಸಿದಿದ್ದರೆ ಚೆನ್ನಾಗಿ ಕಲಿಯುತ್ತೆ ಅಂತ ಊಟ ತಪ್ಪಿಸೋದು. ಇಷ್ಟು ಸಣ್ಣ ತಳಿಯ ಮರಿಯ ಲಿವರ್‌ನಲ್ಲಿ ಸಕ್ಕರೆಯ ದಾಸ್ತಾನು ಬಹಳ ಕಡಿಮೆ. ಹಗಲಲ್ಲಿ ನಾಲ್ಕೈದು ಗಂಟೆಗಿಂತ ಹೆಚ್ಚು ಖಾಲಿ ಹೊಟ್ಟೆ ಬೇಡ. ತೂರಾಡೋದು, ನಡುಗೋದು, ಮಂಕಾಗೋದು ಕಂಡರೆ ಜೇನು ಅಥವಾ ನೀರಲ್ಲಿ ಕಲಸಿದ ಗ್ಲೂಕೋಸ್ ಪುಡಿಯನ್ನು ಬೆರಳಿನಿಂದ ವಸಡಿಗೆ ಸವರಿ, ಡಾಕ್ಟರ ಹತ್ತಿರ ಓಡಿ. ಪ್ರಜ್ಞೆ ತಪ್ಪಿದ ಮರಿಯ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ಪಾಠಕ್ಕೆ ಒಳ್ಳೆಯ ಹೊತ್ತು ಊಟವಾಗಿ ಎರಡು ಗಂಟೆಯ ನಂತರ.

ಬಸವನಗುಡಿ_ಬೆಳಗು
ಹಲ್ಲು ಬರುವಾಗ ಕಡಿಯೋಕೆ ಯಾಕ್ (ಹಿಮಾಲಯದ ಚಮರೀಮೃಗ) ಹಾಲಿನ ಗಟ್ಟಿ ಚೀಸ್ ಕಡ್ಡಿ ಕೊಡಬಹುದಾ? ಮತ್ತೆ ಕತ್ತರಿಸಿದ್ದನ್ನು ಎಷ್ಟು ದಿನ ಇಡಬಹುದು?

ಪ್ರಥಮ_ಚಿಕಿತ್ಸೆ
ಆ ಕಡ್ಡಿಗೆ ಉಗುರು ಒತ್ತಿ ನೋಡಿ, ಗುರುತು ಬೀಳದಿದ್ದರೆ ಮರಿಗೆ ಗಟ್ಟಿಯಾಯ್ತು. 28 ಹಾಲುಹಲ್ಲು ಉದುರಿ 42 ಬರೋ ತನಕ, ಅಂದರೆ ಆರೇಳು ತಿಂಗಳ ತನಕ ಅಂಥದ್ದು ಬೇಡ. ಒದ್ದೆ ಬಟ್ಟೆಗೆ ಗಂಟು ಹಾಕಿ ಫ್ರೀಜರ್‌ನಲ್ಲಿಟ್ಟು ಕೊಡಿ, ಕಣ್ಣೆದುರೇ ಕಡಿಯಲಿ.

ತಟ್ಟೆ_ಇಡ್ಲಿ
ಮೊಟ್ಟೆ, ಪನ್ನೀರು ಫ್ರಿಜ್‌ನಲ್ಲಿ ಮೂರು ದಿನ. ಮೊಟ್ಟೆಯ 500 ತುಣುಕು ಅಷ್ಟರಲ್ಲಿ ಮುಗಿಯಲ್ಲ. ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಒಂದು ಗಂಟೆ ಫ್ರೀಜ್ ಮಾಡಿ, ಆಮೇಲೆ ದಿನಕ್ಕೆ ಬೇಕಾದಷ್ಟನ್ನು ಪುಟ್ಟ ಪೊಟ್ಟಣ ಕಟ್ಟಿ. ನೇರ ಪೊಟ್ಟಣಕ್ಕೆ ಹಾಕಿದರೆ ಮುದ್ದೆಯಾಗಿ ಅಂಟುತ್ತೆ. ರಾತ್ರಿ ಒಂದು ಪೊಟ್ಟಣವನ್ನು ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ. ಹೊರಗೆ ಎರಡು ಗಂಟೆ, ಏಪ್ರಿಲ್ ಬಿಸಿಲಲ್ಲಿ ಒಂದು ಗಂಟೆ, ಮಿಕ್ಕಿದ್ದು ಕಸಕ್ಕೆ. ತುಣುಕು ಇಟ್ಟುಕೊಳ್ಳೋ ಸೊಂಟದ ಚೀಲವನ್ನು ದಿನಾ ಸೋಪು ಹಾಕಿ ತೊಳೀರಿ.

ಲೆಕ್ಕದ_ಪುಸ್ತಕ
ಎರಡು ವಾರಕ್ಕೊಮ್ಮೆ ತೂಕ ನೋಡಿ ಲೆಕ್ಕ ಮತ್ತೆ ಹಾಕಿ. ನಾಲ್ಕು ತಿಂಗಳು ದಾಟಿದ ಮೇಲೆ ಮೂರರ ಬದಲು ಎರಡರಿಂದ ಗುಣಿಸಬೇಕು. ಐದನೇ ತಿಂಗಳಲ್ಲಿ 3.5 ಕೆ.ಜಿ. ಆದರೂ ಬರೋದು 358, ಟ್ರೀಟಿಗೆ 36. ಮರಿ ದೊಡ್ಡದಾಯ್ತು ಅಂತ ತುಣುಕು ದೊಡ್ಡದು ಮಾಡೋದು ಅಲ್ಲೇ ತಪ್ಪೋದು.

ಬಸವನಗುಡಿ_ಬೆಳಗು
ಹಾಗಾದ್ರೆ ಬೆಳಗ್ಗೆ 95ರಲ್ಲಿ 10 ಗ್ರಾಂ ಕಡಿಮೆ. ಉಳಿದ 85ರಲ್ಲೇ ಒಂದು ಹಿಡಿ ಕಾಳು ಪಾಠಕ್ಕೆ ತೆಗೆದಿಡೋದು. ಮೊಟ್ಟೆ 40 ತುಣುಕು, ಪನ್ನೀರು 30. ಹಿರಿಯರ ಕೈಗೂ ಒಂದು ಪುಟ್ಟ ಡಬ್ಬಿ ಮೊಟ್ಟೆ ತುಣುಕು ಕೊಟ್ಟುಬಿಡ್ತೀನಿ, ಬಿಸ್ಕತ್ತಿನ ಬದಲು.

ಲೆಕ್ಕದ_ಪುಸ್ತಕ
6 ಮತ್ತು 12, ಒಟ್ಟು 18 ಕ್ಯಾಲರಿ. ಹಾಗಾದರೆ 10 ಗ್ರಾಂ ಕಳೆಯೋದು ಜಾಸ್ತಿಯಾಯ್ತು, 5 ಸಾಕು. ಹಿರಿಯರ ಡಬ್ಬಿಯನ್ನೂ ಎಣಿಸಿಯೇ ತುಂಬಿ, ಆ 40ರಲ್ಲೇ ಪಾಲು.